ಪಾಸ್ ಬಂದರೆ ಚೆಂಡು ಕಾಲಲ್ಲಿ ನಿಲ್ಲುವುದಿಲ್ಲ

ಪ್ರಶ್ನೆ: ಗದಗಿನ ಶಾಲೆಯೊಂದರಲ್ಲಿ ನಾನು ಪಿಟಿ ಮಾಸ್ತರ. ಸಂಜೆ ಹತ್ತು-ಹನ್ನೊಂದು ವರ್ಷದ 16 ಮಕ್ಕಳಿಗೆ ಫುಟ್‌ಬಾಲ್ ಕಲಿಸುತ್ತೇನೆ. ಇರುವುದು 3 ಚೆಂಡು. ಓಟದಲ್ಲಿ ಎಲ್ಲರೂ ಚುರುಕು, ಆದರೆ ಪಾಸ್ ಬಂದರೆ ಚೆಂಡು ಕಾಲಿಗೆ ಬಡಿದು ಎರಡು ಮಾರು ದೂರ ಹೋಗುತ್ತದೆ. ಸಾಲಾಗಿ ನಿಲ್ಲಿಸಿ ಕೋನ್ ನಡುವೆ ದಿನಾ ಡ್ರಿಬಲ್ (ಚೆಂಡನ್ನು ಕಾಲಲ್ಲೇ ತಳ್ಳುತ್ತಾ ಓಡುವುದು) ಮಾಡಿಸಿದರೂ ಸುಧಾರಿಸಿಲ್ಲ. ಏನು ಮಾಡಲಿ?

ಉತ್ತರ: ಮಾಸ್ತರ್ರೇ, ಮೊದಲು ಆ ಸಾಲು ಬಿಡಿ. ಸಾಲಲ್ಲಿ ಒಬ್ಬ ಆಡುತ್ತಾನೆ, ಉಳಿದವರು ಸುಮ್ನೆ ನಿಂತಿರುತ್ತಾರೆ. ಇಡೀ ಸಂಜೆಗೆ ಒಬ್ಬ ಹುಡುಗನ ಕಾಲಿಗೆ ಚೆಂಡು ಎಷ್ಟು ಸಲ ತಾಗಿತು ಅಂತ ಒಂದು ದಿನ ಎಣಿಸಿ ನೋಡಿ, ಬೇಜಾರಾಗುತ್ತದೆ.

ನಿಮ್ಮ 3 ಚೆಂಡಿಗೆ ಮೂರು ಗುಂಪು ಮಾಡಿ. ಎರಡರಲ್ಲಿ ಐದೈದು ಮಕ್ಕಳು, ಒಂದರಲ್ಲಿ ಆರು. ಎಂಟು ಹೆಜ್ಜೆ ಅಗಲದ ಚೌಕ ಹಾಕಿ, ಒಬ್ಬನನ್ನು ನಡುವೆ ಬಿಡಿ, ಉಳಿದವರು ಅವನಿಗೆ ಸಿಗದ ಹಾಗೆ ಪಾಸ್ ಮಾಡಲಿ. ಚೆಂಡು ಕಳೆದುಕೊಂಡವನು ನಡುವೆ ಬರಬೇಕು. ಇದಕ್ಕೆ ರೊಂಡೊ ಅಂತಾರೆ, ಸ್ಪೇನಿನ ಬಾರ್ಸಿಲೋನಾ ಕ್ಲಬ್ಬಿನ ದೊಡ್ಡ ಆಟಗಾರರೂ ಇದನ್ನೇ ಆಡುತ್ತಾರೆ. ಮೈಮೇಲೆ ಎದುರಾಳಿ ಬರುವಾಗಲೇ ಚೆಂಡು ಹಿಡಿಯುವುದು ರೂಢಿಯಾಗುತ್ತದೆ, ಕೋನ್ ಯಾರ ಮೇಲೂ ಬರುವುದಿಲ್ಲ ಅಲ್ವಾ.

ಚೆಂಡು ಪುಟಿದು ಹೋಗುವುದಕ್ಕೆ ಕಾರಣ ಬಿಗಿ ಹಿಡಿದ ಕಾಲು. "ಸರಿಯಾಗಿ ಹಿಡಿ" ಅಂತ ಕೂಗಿದರೆ ಮಕ್ಕಳು ಇನ್ನೂ ಜಾಸ್ತಿ ಬಿಗಿಯುತ್ತಾರೆ. ಕ್ರಿಕೆಟ್ ಕ್ಯಾಚ್ ನೆನಪಿಸಿ: ಚೆಂಡು ಬಂದಾಗ ಕೈಯನ್ನು ಅದರ ಜೊತೆಗೇ ಹಿಂದಕ್ಕೆ ತರುತ್ತೇವೆ. ಪಾದದ ಒಳಬದಿಯನ್ನು ಹಾಗೇ ತರಬೇಕು, ಕಾಲು ಸಡಿಲ, ಮೊಣಕಾಲು ಸ್ವಲ್ಪ ಬಾಗಿರಬೇಕು. ಇಷ್ಟು ಹೇಳಿಕೊಟ್ಟರೆ ಮಕ್ಕಳಿಗೆ ಬೇಗ ಹೊಳೆಯುತ್ತದೆ.

ಚೆಂಡಿನ ನಂಬರನ್ನೂ, ಅಂದರೆ ಗಾತ್ರವನ್ನೂ ನೋಡಿ. ಈ ವಯಸ್ಸಿಗೆ 4ನೇ ನಂಬರ್ ಸಾಕು. 5ನೇ ನಂಬರ್ ಚೆಂಡು 410 ರಿಂದ 450 ಗ್ರಾಂ ತೂಗುತ್ತದೆ, ಅದು ದೊಡ್ಡವರದ್ದು. ಗಾಳಿ ಕಲ್ಲಿನ ಹಾಗೆ ತುಂಬಬೇಡಿ, ಹೆಬ್ಬೆರಳಿನಿಂದ ಒತ್ತಿದರೆ ಸ್ವಲ್ಪ ತಗ್ಗಬೇಕು.

ಇನ್ನು ನಮ್ಮ ಕಡೆಯ ಎರೆ ಮಣ್ಣು. ಬೇಸಿಗೆಯಲ್ಲಿ ಬಿರುಕು ಬಿಟ್ಟ ನೆಲದಲ್ಲಿ ಒಳ್ಳೆ ಆಟಗಾರನಿಗೂ ಚೆಂಡು ಎತ್ತ ಪುಟಿಯುತ್ತದೋ ತಿಳಿಯುವುದಿಲ್ಲ, ಅದಕ್ಕೆ ಹುಡುಗನನ್ನು ಬೈಯಬೇಡಿ. ಶಾಲೆಯ ಸಿಮೆಂಟ್ ಅಂಗಳ ಇದ್ದರೆ ಮೊದಲ ಇಪ್ಪತ್ತು ನಿಮಿಷ ಬೂಟು ಹಾಕಿಸಿ ಅಲ್ಲೇ ಆಡಿಸಿ. ಫುಟ್ಸಾಲ್, ಅಂದರೆ ಐದೈದು ಜನರ ಚಿಕ್ಕ ಫುಟ್‌ಬಾಲ್, ಆಡುವುದು ಹೀಗೆಯೇ ಗಟ್ಟಿ ನೆಲದ ಮೇಲೆ, ಕಡಿಮೆ ಪುಟಿಯುವ ಚೆಂಡಿನಲ್ಲಿ. ಬ್ರೆಜಿಲ್‌ನ ಎಷ್ಟೋ ಆಟಗಾರರು ಚಿಕ್ಕಂದಿನಲ್ಲಿ ಕಾಲು ಪಳಗಿಸಿಕೊಂಡಿದ್ದು ಅದರಲ್ಲೇ.

ಮನೆಯಲ್ಲಿ ರಬ್ಬರ್ ಚೆಂಡು ಇದ್ದರೂ ಸಾಕು, ಗೋಡೆಗೆ ಒದ್ದು ವಾಪಸ್ ಬಂದದ್ದನ್ನು ನಿಲ್ಲಿಸಲಿ. ಬಲಗಾಲಲ್ಲಿ ಇಪ್ಪತ್ತು ಸಲ ಮಾಡಿದರೆ ಎಡಗಾಲಲ್ಲಿ ಮೂವತ್ತು ಸಲ.