ಗೇಟಿಗೆ ಅಡ್ಡ ನಿಂತ ಟೆಂಪೊ, ನಡುರಾತ್ರಿಯ ಬುಲೆಟ್

(ನಿಮ್ಮ ಬೀದಿಯ ತೊಂದರೆಗಳಿಗೆ ಸಂಚಾರ ಪೊಲೀಸ್ ಠಾಣೆಯಿಂದ ನಿವೃತ್ತರಾದ ಎಎಸ್‌ಐ ಒಬ್ಬರ ಉತ್ತರ)

ಪ್ರಶ್ನೆ: ಸಾರ್, ನನಗೆ 66 ವರ್ಷ. ಪ್ರೈಮರಿ ಸ್ಕೂಲ್ ಟೀಚರ್ ಆಗಿ ನಿವೃತ್ತಿಯಾದೆ. ನಮ್ಮ ಕ್ರಾಸ್ 20 ಅಡಿ ರಸ್ತೆ. ಎದುರು ಮನೆಯವರು ಸಾಮಾನು ಸಾಗಿಸುವ ಬಾಡಿಗೆ ಗಾಡಿ ಇಟ್ಟಿದ್ದಾರೆ. ಎರಡು ಟಾಟಾ ಏಸ್. ಒಂದು ಅವರ ಗೋಡೆಗೆ ಒರಗಿ ನಿಲ್ಲುತ್ತದೆ, ಇನ್ನೊಂದು ನಮ್ಮ ಗೇಟಿಗೆ ಅಡ್ಡ. ಮೂಲೆಯ ಹೊಂಗೆ ಮರದ ಕೆಳಗೆ ಅವರದ್ದೇ ಹಳೇ ಓಮ್ನಿ ಇದೆ. ಟಯರ್ ಇಳಿದು ಎರಡು ವರ್ಷವಾಯಿತು. ರಾತ್ರಿ ಅದರೊಳಗೆ ಹುಡುಗರು ಕೂತು ಕುಡಿಯುತ್ತಾರೆ. ಬೆಳಿಗ್ಗೆ ಎದ್ದರೆ ನಮ್ಮ ತುಳಸಿ ಕಟ್ಟೆ ಹತ್ತಿರ ಖಾಲಿ ಪ್ಯಾಕೆಟ್ ಬಿದ್ದಿರುತ್ತವೆ. ಆ ಮನೆ ಮಗ ಬುಲೆಟ್‌ಗೆ ಸೈಲೆನ್ಸರ್ ಬದಲಾಯಿಸಿದ್ದಾನೆ. ರಾತ್ರಿ ಹನ್ನೆರಡಕ್ಕೆ ಬಂದರೆ ಕಿಟಕಿ ಗಾಜು ಅದುರುತ್ತದೆ. ಬೆಳಿಗ್ಗೆ ಐದಕ್ಕೆ ಡ್ರೈವರ್ ಬಂದು ಹಾರನ್ ಹೊಡೆದು ಅವನನ್ನು ಎಬ್ಬಿಸುತ್ತಾನೆ.

ನಮ್ಮ ಯಜಮಾನರಿಗೆ ವಾರಕ್ಕೆ ಎರಡು ದಿನ ಡಯಾಲಿಸಿಸ್. ಆಟೊ ಗೇಟಿನ ತನಕ ಬರುವುದಿಲ್ಲ. ಅವರು ಗೋಡೆ ಹಿಡಿದುಕೊಂಡು ಮೂಲೆವರೆಗೆ ನಡೆಯಬೇಕು. ಗಾಡಿ ಸ್ವಲ್ಪ ಮುಂದೆ ಹಾಕಿ ಅಂದಿದ್ದಕ್ಕೆ "ರೋಡು ನಿಮ್ಮಪ್ಪಂದಾ?" ಅಂದರು. ಮಗಳು ಫೋನಿನಲ್ಲಿ "ಸುಮ್ನೆ ಇರಿ, ಅವರ ಸಹವಾಸ ಬೇಡ" ಅನ್ನುತ್ತಾಳೆ. ಏನು ಮಾಡಲಿ? ದಯವಿಟ್ಟು ಹೆಸರು ಹಾಕಬೇಡಿ.
– ನೊಂದ ಓದುಗರು, ಶಿವಮೊಗ್ಗ

ಉತ್ತರ: ಅಕ್ಕಾ, ಸುಮ್ನೆ ಇರಬೇಡಿ. ನಿಮ್ಮ ಯಜಮಾನರು ಗೋಡೆ ಹಿಡಿದು ನಡೆಯುವುದನ್ನು ಓದಿ ನನಗೆ ಒಂದು ಹಳೇ ಘಟನೆ ನೆನಪಾಯಿತು. ಸರ್ವಿಸ್‌ನಲ್ಲಿದ್ದಾಗ ಒಂದು ರಾತ್ರಿ ಹೀಗೇ ಇಕ್ಕಟ್ಟಿನ ಕ್ರಾಸ್‌ಗೆ ಹೋಗಿದ್ದೆ. ಆಂಬುಲೆನ್ಸ್ ಮೂಲೆಯಲ್ಲೇ ನಿಂತಿತ್ತು. ಮುಂದೆ ಟೆಂಪೊ ಅಡ್ಡ, ಡ್ರೈವರ್ ಪತ್ತೆಯಿಲ್ಲ. ಅಜ್ಜಿಯೊಬ್ಬರನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ನಾಲ್ಕು ಜನ ಎತ್ತಿಕೊಂಡು ಬಂದೆವು. ಕುರ್ಚಿಯ ಒಂದು ಕಾಲು ಟೆಂಪೊ ಕನ್ನಡಿಗೆ ಸಿಕ್ಕಿಕೊಂಡಿತು. ಅದನ್ನು ಬಿಡಿಸುವಷ್ಟು ಹೊತ್ತೂ ಅಜ್ಜಿ ನನ್ನ ತೋಳು ಹಿಡಿದುಕೊಂಡಿದ್ದರು. ಆ ಬೀದಿಯವರಿಗೆಲ್ಲ ಆ ಗಾಡಿಯ ತೊಂದರೆ ಮೊದಲೇ ಗೊತ್ತಿತ್ತು. ಒಬ್ಬರೂ ಬರೆದು ಕೊಟ್ಟಿರಲಿಲ್ಲ.

ರೋಡು ನಿಮ್ಮಪ್ಪಂದಲ್ಲ, ನಿಜ. ಅವರಪ್ಪಂದೂ ಅಲ್ಲ. ನಿಮ್ಮ ಮನೆ ಮುಂದಿನ ರಸ್ತೆಯಲ್ಲಿ ಯಾರೂ ಗಾಡಿ ನಿಲ್ಲಿಸಬಾರದು ಅಂತ ನೀವು ಹೇಳುವ ಹಾಗಿಲ್ಲ. ಆದರೆ ಗೇಟಿಗೆ ಅಡ್ಡ ನಿಲ್ಲಿಸಬೇಡಿ ಅಂತ ಖಂಡಿತ ಹೇಳಬಹುದು. 2017ರ ಮೋಟಾರು ವಾಹನ ಚಾಲನಾ ನಿಯಮಗಳು ಮನೆ, ಕಟ್ಟಡದ ಬಾಗಿಲಿಗೆ ಅಡ್ಡ ನಿಲ್ಲಿಸುವುದನ್ನು ತಪ್ಪು ಅನ್ನುತ್ತವೆ. ಆ ನಿಯಮ ಮೀರಿದರೆ ಮೋಟಾರು ವಾಹನ ಕಾಯ್ದೆಯ 177ಎ ಕಲಂ ಪ್ರಕಾರ 500ರಿಂದ 1,000 ರೂಪಾಯಿವರೆಗೆ ದಂಡ. ಲೆಕ್ಕ ಹಾಕಿ ನೋಡಿ. ಏಸ್ ಗಾಡಿ ಹೆಚ್ಚು ಕಡಿಮೆ 5 ಅಡಿ ಅಗಲ. ಎದುರುಬದುರು ಎರಡು ನಿಂತರೆ 20 ಅಡಿಯಲ್ಲಿ 10 ಹೋಯಿತು. ಉಳಿದದ್ದರಲ್ಲಿ ಚರಂಡಿ ಅಂಚು, ಬೈಕುಗಳು. ಅಗ್ನಿಶಾಮಕ ಗಾಡಿ ನುಗ್ಗುವುದು ಹೇಗೆ?

ನನ್ನ ಅನುಭವದಲ್ಲಿ ಇಂಥ ದೂರು ಕೆಡುವುದು ಒಂದೇ ಕಡೆ. ಜನ ಠಾಣೆಗೆ ಬಂದು ಮನುಷ್ಯನ ಮೇಲೆ ದೂರುತ್ತಾರೆ. "ಅವನು ಸರಿಯಿಲ್ಲ, ಬೈದ, ಅವನ ಮಗ ಪೋಲಿ" ಅನ್ನುತ್ತಾರೆ. ಬರೆದುಕೊಳ್ಳುವವರಿಗೆ ಇದು ಎರಡು ಮನೆಯ ಜಗಳ ಅನ್ನಿಸುತ್ತದೆ. ಇಬ್ಬರನ್ನೂ ಕೂರಿಸಿ, ಹೊಂದಿಕೊಂಡು ಹೋಗಿ ಅಂತ ಕಳಿಸುತ್ತಾರೆ. ನೀವು ಗಾಡಿಯ ಮೇಲೆ ದೂರು ಕೊಡಿ. ನಂಬರ್ ಪ್ಲೇಟ್ ಇದೆ, ಜಾಗ ಇದೆ, ಹೊತ್ತು ಇದೆ. ಅದಕ್ಕೆ ಎದುರು ಮಾತಿಲ್ಲ.

ನೀವು ಟೀಚರ್ ಆಗಿದ್ದವರು, ಹಾಜರಿ ಪುಸ್ತಕ ಬರೆದ ಕೈ. ಒಂದು ನೋಟ್‌ಬುಕ್ ಇಡಿ. ತಾರೀಕು, ಗಂಟೆ, ಗಾಡಿ ನಂಬರ್, ಏನಾಯಿತು – ಒಂದೊಂದು ಸಾಲು ಸಾಕು. "ಮಂಗಳವಾರ ಬೆಳಿಗ್ಗೆ 6.20, ಆಟೊ ಒಳಗೆ ಬರಲಾಗಲಿಲ್ಲ." ಮೂರು ವಾರ ಬರೆಯಿರಿ. ಗೇಟಿನ ಒಳಗಿನಿಂದಲೇ ಫೋಟೊ ತೆಗೆಯಿರಿ. ಬೀದಿಗೆ ಹೋಗಿ ಅವರ ಮುಖಕ್ಕೆ ಮೊಬೈಲ್ ಹಿಡಿಯಬೇಡಿ. ಹೊಡೆದಾಟ ಶುರುವಾಗುವುದು ಜಾಸ್ತಿ ಅಲ್ಲೇ.

ಅರ್ಜಿ ಕೊಡುವ ಮುಂಚೆ ಒಂದೇ ಒಂದು ಸಲ ಮಾತಾಡಿ ನೋಡಿ. ರಾತ್ರಿ ಬೇಡ, ಬೆಳಿಗ್ಗೆ ಹತ್ತರ ಮೇಲೆ. ಗಂಡಸರ ಗುಂಪು ಕಟ್ಟಿಕೊಂಡು ಹೋಗಬೇಡಿ. ಆ ಮನೆಯಲ್ಲಿ ತಾಯಿಯೋ ಅಜ್ಜಿಯೋ ಇದ್ದರೆ ಅವರ ಹತ್ತಿರ ಹೋಗಿ ಡಯಾಲಿಸಿಸ್ ವಿಷಯ ಹೇಳಿ. ಬಾಡಿಗೆ ಗಾಡಿ ಓಡಿಸುವವರಿಗೂ ಶೆಡ್ ಇರುವುದಿಲ್ಲ. ಅದೂ ಒಂದು ಕಷ್ಟವೇ. "ವಾರದಲ್ಲಿ ಆ ಎರಡು ದಿನ, ಬೆಳಿಗ್ಗೆ ಆರರಿಂದ ಏಳು, ಗೇಟು ಬಿಡಿ" ಅಂತ ಇಷ್ಟೇ ಕೇಳಿ. ಎಷ್ಟೋ ಕಡೆ ಈ ಒಂದು ಗಂಟೆಯಿಂದಲೇ ಬಿಗುವು ಸಡಿಲಾಗಿದ್ದು ನೋಡಿದ್ದೇನೆ.

ಒಪ್ಪದಿದ್ದರೆ ಅರ್ಜಿ. ನಿಮ್ಮೊಬ್ಬರ ಹೆಸರಲ್ಲಿ ಬೇಡ, ಕ್ರಾಸಿನ ನಿವಾಸಿಗಳ ಹೆಸರಲ್ಲಿ ಇರಲಿ. ಐದಾರು ಸಹಿ ಆದರೂ ಹಾಕಿಸಿ. ಸಂಚಾರ ಠಾಣೆಗೆ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳದೆ ವಾಪಸ್ ಬರಬೇಡಿ. ಸೀಲು, ಸಹಿ ಇಲ್ಲದ ಅರ್ಜಿಗೆ ಎರಡನೇ ಸಲ ಹೋದಾಗ ಬೆಲೆ ಇರುವುದಿಲ್ಲ.

ಓಮ್ನಿ ವಿಷಯ ಸುಲಭ. ಮೋಟಾರು ವಾಹನ ಕಾಯ್ದೆಯ 127ನೇ ಕಲಂ ಪ್ರಕಾರ ಸಾರ್ವಜನಿಕ ಜಾಗದಲ್ಲಿ 10 ಗಂಟೆ ಮೀರಿ ಬಿಟ್ಟುಹೋದ ಗಾಡಿಯನ್ನು ಪೊಲೀಸರು ಎಳೆಸಿಕೊಂಡು ಹೋಗಬಹುದು. ಖರ್ಚು ಮಾಲೀಕರದ್ದು. ಇಲ್ಲಿ ಆಗಿರುವುದು ಎರಡು ವರ್ಷ. ಅದರ ಅರ್ಜಿ ಬೇರೆಯಾಗಿಯೇ ಕೊಡಿ, ಒಂದು ಪ್ರತಿ ಪಾಲಿಕೆಗೂ ಇರಲಿ. ಗಾಡಿ ಎದ್ದುಹೋದರೆ ಕುಡಿಯುವವರ ಅಡ್ಡೆಯೂ ಎದ್ದುಹೋಗುತ್ತದೆ. ಅದಕ್ಕೇ ಮೊದಲು ಓಮ್ನಿಯನ್ನೇ ಹಿಡಿಯಿರಿ ಅನ್ನುತ್ತೇನೆ. ಅಲ್ಲಿಯ ತನಕ ರಾತ್ರಿ ಗಲಾಟೆಯಾದರೆ 112ಕ್ಕೆ ಫೋನ್ ಮಾಡಿ. ಒಂದು ಮಾತು ಮಾತ್ರ ಮರೆಯದೆ ಹೇಳಿ: "ಕರೆ ಮಾಡಿದವರ ಮನೆಗೆ ಬರಬೇಡಿ, ನೇರ ಹೊಂಗೆ ಮರದ ಹತ್ತಿರ ಹೋಗಿ." ಇದನ್ನು ಹೇಳದಿದ್ದರೆ ಜೀಪು ನಿಮ್ಮ ಗೇಟಿಗೇ ಬಂದು ನಿಲ್ಲುತ್ತದೆ, ಫೋನ್ ಮಾಡಿದ್ದು ಯಾರೆಂದು ಇಡೀ ಬೀದಿಗೆ ಗೊತ್ತಾಗುತ್ತದೆ. ನಿಮ್ಮ ಬೀಟ್ ಪೊಲೀಸ್ ಯಾರೆಂದು ಠಾಣೆಯಲ್ಲಿ ಕೇಳಿ ನಂಬರ್ ಇಟ್ಟುಕೊಳ್ಳಿ.

ಬುಲೆಟ್‌ಗೆ ಬಂದರೆ, ಸೈಲೆನ್ಸರ್ ಬದಲಾಯಿಸಿ ಶಬ್ದ ಮಾಡುವುದು ಅದೇ ಕಾಯ್ದೆಯ 190(2)ನೇ ಕಲಂಗೆ ಬರುತ್ತದೆ. 10,000 ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಜೈಲೂ ಆಗಬಹುದು. ಬದಲಾಯಿಸಿದ ಸೈಲೆನ್ಸರ್‌ಗಳನ್ನು ಸಾಲಾಗಿಟ್ಟು ರೋಡ್ ರೋಲರ್ ಹತ್ತಿಸುವುದನ್ನು ನೀವು ಟಿವಿಯಲ್ಲಿ ನೋಡಿರಬಹುದು. ಆ ಹುಡುಗ ಯಾವ ದಿನ ಎಷ್ಟು ಗಂಟೆಗೆ ಬರುತ್ತಾನೆ ಅಂತ ನಿಮ್ಮ ನೋಟ್‌ಬುಕ್ಕಿನಲ್ಲಿದ್ದರೆ ಸಂಚಾರ ಪೊಲೀಸರು ಮೂಲೆಯಲ್ಲೇ ಕಾಯಬಹುದು. ಇನ್ನು ಐದು ಗಂಟೆಯ ಹಾರನ್. 2000ರ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ವಸತಿ ಪ್ರದೇಶದಲ್ಲಿ ತುರ್ತಿಗೆ ಬಿಟ್ಟರೆ ಹಾರನ್ ಹಾಕುವ ಹಾಗಿಲ್ಲ. ಅರ್ಜಿಯಲ್ಲಿ ಇದಕ್ಕೂ ಒಂದು ಸಾಲು ಸೇರಿಸಿ.

ಇಷ್ಟೆಲ್ಲ ಮಾಡಿಯೂ ದಾರಿ ಬಿಡದಿದ್ದರೆ ಉಪವಿಭಾಗಾಧಿಕಾರಿಗಳ ಕಚೇರಿಗೆ ಹೋಗಿ. ಸಾರ್ವಜನಿಕ ದಾರಿಯ ಅಡಚಣೆ ತೆಗೆಸುವ ಅಧಿಕಾರ ಅವರಿಗಿದೆ. ಹಿಂದೆ ಸಿಆರ್‌ಪಿಸಿ (ದಂಡ ಪ್ರಕ್ರಿಯಾ ಸಂಹಿತೆ) 133ನೇ ಕಲಂ ಅನ್ನುತ್ತಿದ್ದೆವು, 2024ರ ಜುಲೈ 1ರಿಂದ ಅದು ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 152. ಠಾಣೆಯ ಸ್ವೀಕೃತಿಗಳು, ನೋಟ್‌ಬುಕ್ ಎರಡನ್ನೂ ತೆಗೆದುಕೊಂಡು ಹೋಗಿ. ನಿಮ್ಮ ಮಗಳಿಗೂ ಒಂದು ಕೆಲಸ ಕೊಡಿ. ಫೋಟೊಗಳನ್ನೆಲ್ಲ ಅವರಿಗೆ ಕಳಿಸಿ, ತಾರೀಕಿನ ಪ್ರಕಾರ ಜೋಡಿಸಿ ಇಡಲಿ. ದೂರದಲ್ಲಿರುವ ಮಕ್ಕಳಿಗೆ ಭಯ ಜಾಸ್ತಿ. ಕೈಗೆ ಕೆಲಸ ಸಿಕ್ಕರೆ ಧೈರ್ಯವೂ ಬರುತ್ತದೆ.

ಪ್ರಶ್ನೆ: ನಾನು ಆಟೊ ಓಡಿಸುತ್ತೇನೆ. ಬಾಡಿಗೆ ಮನೆ, ಒಳಗೆ ನಿಲ್ಲಿಸಲು ಜಾಗವಿಲ್ಲ. ಪಕ್ಕದವರು ಕಾಂಪೌಂಡಿನ ಹೊರಗೆ ರಸ್ತೆಯಲ್ಲೇ ಕಲ್ಲು, ಹೂವಿನ ಕುಂಡ ಇಟ್ಟು "ನೋ ಪಾರ್ಕಿಂಗ್" ಬೋರ್ಡ್ ಹಾಕಿದ್ದಾರೆ. ಎರಡು ಸಲ ಟಯರ್ ಗಾಳಿ ಬಿಟ್ಟಿದ್ದಾರೆ.
– ಓದುಗ, ದಾವಣಗೆರೆ

ಉತ್ತರ: ತಮ್ಮಾ, ಮನೆಯವರು ತಾವೇ ಬರೆಸಿ ಹಾಕಿದ ಬೋರ್ಡಿಗೆ ಕಾನೂನಿನ ಬಲ ಇಲ್ಲ. ರಸ್ತೆಯಲ್ಲಿಟ್ಟ ಕಲ್ಲೂ ಅಡಚಣೆಯೇ. ರಾತ್ರಿ ಬೈಕಿನವರು ಎಡವಿ ಬಿದ್ದರೆ ಇಟ್ಟವರೇ ಉತ್ತರ ಹೇಳಬೇಕು. ಕಲ್ಲನ್ನು ನೀನೇ ಎತ್ತಿ ಹಾಕಬೇಡ, ಫೋಟೊ ಸಮೇತ ಪಾಲಿಕೆಗೆ ಬರೆದು ಕೊಡು. ಗಾಳಿ ಬಿಟ್ಟ ದಿನ ಬಾಡಿಗೆ ಎಷ್ಟು ಹೋಯಿತು ಅಂತ ಬರೆದಿಡು, ಪಂಕ್ಚರ್ ಅಂಗಡಿಯ ಚೀಟಿ ಇದ್ದರೆ ಜೋಪಾನ ಮಾಡು. ಠಾಣೆಯಲ್ಲಿ ಅದನ್ನೇ ಮೊದಲು ತೋರಿಸು. ಮತ್ತೆ, ಅವರ ಗೇಟಿನ ಎರಡೂ ಪಕ್ಕ ಕಾರು ಹೊರಗೆ ತಿರುಗುವಷ್ಟು ಜಾಗ ಬಿಟ್ಟೇ ನಿಲ್ಲಿಸು. ಇವತ್ತು ರಾತ್ರಿಯೇ ಹೆಜ್ಜೆ ಹಾಕಿ ಅಳೆದು ನೋಡು.