ಮೇವಿಸ್ ಸ್ಟೇಪಲ್ಸ್ ಮನೆಯವರನ್ನು ಬಿಟ್ಟು ಹೋಗಿರಲಿಲ್ಲ

ನಮಸ್ಕಾರ. ಅಮೆರಿಕದ ಹಾಡುಗಾರ್ತಿ ಮೇವಿಸ್ ಸ್ಟೇಪಲ್ಸ್ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಆದರೆ ಕೈಬಿಡಬೇಡಿ, ಕನ್ನಡದಲ್ಲಿ ಗಾಸ್ಪೆಲ್, ಅಂದರೆ ಅಮೆರಿಕದ ಚರ್ಚುಗಳ ಭಕ್ತಿಗೀತೆ, ಹಾಡುಗಾರರ ಬಗ್ಗೆ ಬರೆಯುವವರೇ ಕಡಿಮೆ, ನಿಮಗೆ ಆ ಹಾಡುಗಳ ಮೇಲೆ ಪ್ರೀತಿ ಇರುವುದು ಓದಿದರೇ ಗೊತ್ತಾಗುತ್ತದೆ.

ತೊಂದರೆ ಇರುವುದು ಕಥೆ ಕಟ್ಟಿದ ರೀತಿಯಲ್ಲಿ. ಅಪ್ಪನ ನೆರಳಲ್ಲಿದ್ದ ಮಗಳು 1969ರಲ್ಲಿ ಸ್ವಂತ ಆಲ್ಬಂ ಮಾಡಿ ಕುಟುಂಬದಿಂದ ಬಿಡುಗಡೆ ಪಡೆದಳು ಅಂತ ಬರೆದಿದ್ದೀರಿ. ಬಿಡುಗಡೆ ಎಲ್ಲಿ ಆಯ್ತು? ಆ ಆಲ್ಬಂ ಬಂದ ಮೇಲೂ ಅವರು ಅಪ್ಪ, ಅಕ್ಕಂದಿರ ಜೊತೆ ಹಾಡುತ್ತಲೇ ಇದ್ದರು. ಅವರ ಕುಟುಂಬದ ತಂಡ ಸ್ಟೇಪಲ್ ಸಿಂಗರ್ಸ್ ಹಾಡು ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಏರಿದ್ದೇ ಅದಾಗಿ ಮೂರು ವರ್ಷಕ್ಕೆ, 1972ರಲ್ಲಿ, ಮುಖ್ಯ ದನಿ ಮೇವಿಸ್ ಅವರದೇ. ಮುಂದೆ ಪಾಪ್ ಗಾಯಕ ಪ್ರಿನ್ಸ್ ಅವರ ರೆಕಾರ್ಡ್ ಕಂಪನಿಗೆ 1989 ಮತ್ತು 1993ರಲ್ಲಿ ಎರಡು ಆಲ್ಬಂ ಮಾಡಿದರು, ಅವೂ ಅಷ್ಟಾಗಿ ಮಾರಾಟವಾಗಲಿಲ್ಲ.

ನಿಜವಾದ ತಿರುವು 2000ದ ಡಿಸೆಂಬರ್. ಅಪ್ಪ ರೋಬಕ್, ಎಲ್ಲರ ಬಾಯಲ್ಲಿ ಪಾಪ್ಸ್, ತೀರಿಕೊಂಡರು. 1948ರ ಸುಮಾರಿಗೆ, ಎಂಟು-ಒಂಬತ್ತು ವರ್ಷದ ಹುಡುಗಿಯಾಗಿದ್ದಾಗಿನಿಂದ, ಶಿಕಾಗೊ ಚರ್ಚುಗಳಲ್ಲಿ ಮೇವಿಸ್ ಹೆಚ್ಚಾಗಿ ಹಾಡಿದ್ದು ಅಪ್ಪನ ಗಿಟಾರ್ ಜೊತೆಗೇ, ಮಿಸಿಸಿಪಿಯ ಹತ್ತಿ ಹೊಲಗಳ ಕಡೆ ಅಪ್ಪ ಕಪ್ಪು ಜನರ ಬ್ಲೂಸ್ ಹಾಡು ಕೇಳಿ ಕಲಿತ ಆ ನಡುಗುವ ದನಿಯ ಗಿಟಾರ್. ಅರವತ್ತು ದಾಟಿದ ಮೇಲೆ ಅದಿಲ್ಲದೆ ಹಾಡಬೇಕು ಅಂದರೆ ಹೇಗಿರಬೇಡ! ಕುಗ್ಗಿ ಕೂತಿದ್ದವರನ್ನು ಎಬ್ಬಿಸಿ ಹಾಡು ಅಂತ ಒತ್ತಾಯ ಮಾಡಿದ್ದು ಅಕ್ಕ ಇವೊನ್. ಮೇವಿಸ್ ತಮ್ಮ ಕೈಯಿಂದ ದುಡ್ಡು ಹಾಕಿ ರೆಕಾರ್ಡ್ ಮಾಡಿದ ಆಲ್ಬಂ 2004ರಲ್ಲಿ ಬಂತು. 2011ರಲ್ಲಿ ಮೊದಲ ಗ್ರ್ಯಾಮಿ. ಅಪ್ಪ ಕೊನೆಗಾಲದಲ್ಲಿ ಹಾಡಿಟ್ಟಿದ್ದ ರೆಕಾರ್ಡಿಂಗನ್ನು ಜೋಪಾನ ಮಾಡಿ 2015ರಲ್ಲಿ ಹೊರಗೆ ತಂದವರೂ ಮೇವಿಸ್ ಅವರೇ. ಇಷ್ಟನ್ನೂ ನೀವು ಕೊನೆಯ ಎರಡು ಸಾಲಿನಲ್ಲಿ ಮುಗಿಸಿದ್ದೀರಿ, ನನಗೆ ತುಂಬಾ ಬೇಜಾರಾಗಿದ್ದು ಅದಕ್ಕೇ.

ಇನ್ನೊಂದು. ‘ಜೇನಿನಂಥ ಕಂಠ’ ಅಂತ ಪದೇ ಪದೇ ಬರುತ್ತದೆ. ಅವರದು ಜೇನಿನ ಕಂಠ ಅಲ್ಲವೇ ಅಲ್ಲ. ತಗ್ಗಿನ, ಸ್ವಲ್ಪ ಒರಟು ದನಿ. ಹದಿಹರೆಯದಲ್ಲಿ ಹಾಡಿದ್ದನ್ನು ರೇಡಿಯೊದಲ್ಲಿ ಕೇಳಿದವರು ಯಾರೋ ಗಂಡಸು ಅಂದುಕೊಳ್ಳುತ್ತಿದ್ದರು. ಬರೆಯುವ ಮುಂಚೆ 50ರ ದಶಕದ ಆ ರೆಕಾರ್ಡುಗಳನ್ನೂ 2004ರ ಆಲ್ಬಂನ್ನೂ ಒಂದರ ಹಿಂದೆ ಒಂದು ಕೇಳಿ, ಕಿವಿಗೆ ಬಿದ್ದದ್ದನ್ನು ಬರೆಯಿರಿ, ವಿಶೇಷಣ ಸುಮ್ನೆ ಬೇಡ.

1969ರ ಭಾಗ ಒಂದು ಪ್ಯಾರಾ ಸಾಕು. 2000ದಿಂದ 2004ರವರೆಗಿನದ್ದನ್ನು ಮಧ್ಯಕ್ಕೆ ತನ್ನಿ, ಇವೊನ್ ಬಗ್ಗೆ ಜಾಸ್ತಿ ಬರೆಯಿರಿ. ಬರೆದು ಮತ್ತೆ ನನಗೇ ಕಳಿಸಿ, ಖಂಡಿತ ಓದುತ್ತೇನೆ.