ಪ್ರತಿಕ್ರಿಯೆ: ಊರು ಬಿಟ್ಟು ಬಂದ ಮೇಲೆ ಅವ್ವನಿಗೆ ನಿದ್ದೆಯಿಲ್ಲ

ಅಕ್ಕಾರ, ಆಲಮಟ್ಟಿ ಹಿನ್ನೀರಿಗೆ ಊರು ಹೋಗಿ ಬೀಳಗಿ ಕಡೆಯ ಪುನರ್ವಸತಿ ಕೇಂದ್ರಕ್ಕೆ ಬಂದಾಗಿನಿಂದ ಅವ್ವ ಮಾತು ಬಿಟ್ಟಾರೆ, ಎದೆ ಬಡಕೊಳ್ಳತೈತಿ ಅಂತಾರೆ, ತಪಾಸಣೆಯಲ್ಲಿ ಏನೂ ಸಿಗಲಿಲ್ಲ, ಮಂದಿ ‘ಗಾಳಿ ಸೋಕೈತಿ’ ಅಂತಾರೆ ಎಂದು ಬರೆದಿದ್ದೀರಿ.

ಅದು ಗಾಳಿಯೂ ಅಲ್ಲ, ನಾಟಕವೂ ಅಲ್ಲ. ನಮ್ಮ ಕಡೆ ಹೆಣ್ಣುಮಕ್ಕಳು ಮನಸ್ಸಿನ ಸಂಕಟವನ್ನು ‘ತಲಿ ಭಾರ, ಕೈಕಾಲು ಜೋಮು’ ಅಂತಲೇ ಹೇಳುವುದು ಹೆಚ್ಚು. ಹೊಲ-ಮನೆಗೆ ಪರಿಹಾರ ಬಂತು, ಹೊಳೆದಂಡೆಗೆ ಬರಲಿಲ್ಲ. ಅಲ್ಲಿ ಅವ್ವ ಗೆಳತಿಯರ ಜೊತೆ ಕಲ್ಲಿಗೆ ಅರಿವೆ ಬಡಿಯುತ್ತ ಮಗಳ ಬಾಣಂತನ, ಗಂಡನ ಸಾಲ, ಸೊಸೆಯ ಸಿಟ್ಟು ಎಲ್ಲ ಹೇಳಿಕೊಂಡು ಹಗುರಾಗಿ ಮನೆಗೆ ಬರುತ್ತಿದ್ದರು. ಈಗ ನಳ ಅಂಗಳದಲ್ಲೇ ಇದೆ, ಗೆಳತಿಯರು ದಿಕ್ಕಿಗೊಬ್ಬರಾಗಿದ್ದಾರೆ. ಅವರಲ್ಲಿ ಒಬ್ಬರನ್ನಾದರೂ ಹುಡುಕಿ, ನಾಲ್ಕು ದಿನ ಮನೆಗೆ ಕರೆಸಿ. ಇದನ್ನು ಸಣ್ಣದು ಅನ್ಕೋಬೇಡಿ.

ಆದರೆ ಎರಡು ವಾರ ದಾಟಿದೆ, ಊಟ-ನಿದ್ದೆ ಎರಡೂ ಕೆಟ್ಟಿದೆ ಅಂದರೆ ಡಾಕ್ಟರಿಗೆ ತೋರಿಸಲೇಬೇಕು. ಬಾಗಲಕೋಟೆ ಜಿಲ್ಲಾ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗ ಕೇಳಿ. ಅದಕ್ಕೂ ಮೊದಲು 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್, ಹಗಲು-ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ಮಾತ್ರೆ ಕೊಟ್ಟರೆ ಗುಣ ಕಾಣಲು ಕೆಲ ವಾರ ಬೇಕು, ನಡುವೆ ನೀವಾಗಿಯೇ ನಿಲ್ಲಿಸಬೇಡಿ.

‘ಜೀವ ಸಾಕಾಗೈತಿ’ ಅಂತ ಏನಾದರೂ ಅಂದಿದ್ದರೆ, ‘ಸಾಯಬೇಕು ಅನಸ್ತೈತೇನವ್ವ?’ ಅಂತ ನೇರವಾಗಿ ಕೇಳಿ. ಕೇಳಿದರೆ ಇಲ್ಲದ ವಿಚಾರ ಹುಟ್ಟುವುದಿಲ್ಲ. ಹೌದು ಅಂದರೆ ಒಬ್ಬರನ್ನೇ ಬಿಡಬೇಡಿ, ಅವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ. ಬೆಳೆಗೆ ಹೊಡೆಯುವ ಎಣ್ಣೆ ಮನೆಯಲ್ಲಿದ್ದರೆ ಇವತ್ತೇ ಹೊರಗೆ ಸಾಗಿಸಿ.